ರಾಕ್ ಶೋಗೆ ಇಯರ್‌ಪ್ಲಗ್: ಹಾಕಿಕೊಂಡರೆ ಗಿಟಾರು ಕೇಳುತ್ತದಾ?

ಕೇಳುತ್ತದೆ. ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಆದರೆ ಮೊದಲಿಗಿಂತ ಚೆನ್ನಾಗಿಯೇ ಕೇಳುತ್ತದೆ. ನನ್ನ ತಮ್ಮನ ಮಗಳು ಇದನ್ನು ನಂಬಲೇ ಇಲ್ಲ. "ಅಷ್ಟು ದುಡ್ಡು ಕೊಟ್ಟು ಒಳಗೆ ಹೋಗಿ ಕಿವಿ ಮುಚ್ಕೊಂಡು ನಿಂತ್ಕೋತೀರಾ ಅತ್ತೆ?" ಅಂತ ನಕ್ಕಳು.

ನನಗೆ ಕಿವಿ ಮುಚ್ಚಿಕೊಳ್ಳುವುದು ಹೊಸದಲ್ಲ. ಪೀಣ್ಯದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಕಿತ್ತಳೆ ಬಣ್ಣದ ಫೋಮ್ ಪ್ಲಗ್ ಇಲ್ಲದೆ ಅಲ್ಲಿ ಶೆಡ್ ಒಳಗೆ ಬಿಡುವುದಿಲ್ಲ. ಕಾರ್ಖಾನೆ ನಿಯಮದಲ್ಲಿ ದಿನಕ್ಕೆ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ. ರಾಕ್ ಶೋದಲ್ಲಿ ಸ್ಪೀಕರ್ ಹತ್ತಿರ ನಿಂತರೆ 100 ದಾಟುವುದು ಮಾಮೂಲು. ಹತ್ತೇ ಜಾಸ್ತಿ ಅಲ್ವಾ ಅನ್ನಬೇಡಿ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟು, 10 ಏರಿದರೆ ಹತ್ತರಷ್ಟು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ಹೇಳಿತು. ನಮ್ಮಲ್ಲಿ ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಿಸಬೇಕು ಎನ್ನುವುದು ಮಾತ್ರ ಎಲ್ಲರ ಬಾಯಲ್ಲೂ ಇದೆ. ಮುಂದಿನ ಸಾಲಿನಲ್ಲಿ ನಿಂತವರ ಕಿವಿಗೆ ಎಷ್ಟು ಬೀಳುತ್ತಿದೆ ಅಂತ ಯಾರು ಕೇಳುತ್ತಾರೆ?

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ನಾವ್ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಮುಂದೆ ಹೋಗಿ ನಿಲ್ಲುವುದೇ ಆಗ ದೊಡ್ಡಸ್ತಿಕೆ. ಮೊದಲು ದೆಹಲಿಯ ಪರಿಕ್ರಮ ಬ್ಯಾಂಡಿನವರು ನುಡಿಸಿದರು. ರಾಕ್ ಬ್ಯಾಂಡಿನಲ್ಲಿ ಪಿಟೀಲು! ಆಮೇಲೆ ಮೇಡನ್. ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್, ಒಟ್ಟು ಮೂರು ಗಿಟಾರು. ಕ್ಯಾಸೆಟ್ಟಿನಲ್ಲಿ ಮೂರನ್ನೂ ಬೇರೆ ಬೇರೆ ಗುರುತಿಸುತ್ತಿದ್ದ ನನಗೆ ಅಲ್ಲಿ ಒಂದೇ ಒಂದು ಗೋಡೆಯಂಥ ಸದ್ದು ಕೇಳಿತು. ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರು ಮಾತ್ರ ಎದೆಗೇ ಬಂದು ಬಡಿಯುತ್ತಿತ್ತು. ತಂತಿ ಮೀಟುವ ಪಿಕ್ ಇಲ್ಲದೆ ಬರೀ ಬೆರಳಲ್ಲಿ ಅಷ್ಟು ವೇಗ ಹೇಗೆ ತರುತ್ತಾರೋ! ಖುಷಿಗೇನೂ ಕಮ್ಮಿ ಇರಲಿಲ್ಲ. ಮಾರನೇ ದಿನ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದದ್ದನ್ನೂ ಎಲ್ಲರೂ ಹೆಮ್ಮೆಯಿಂದ ಹೇಳಿಕೊಂಡೆವು.

2011ರ ಅಕ್ಟೋಬರ್ 30ರಂದು ಬೆಂಗಳೂರಲ್ಲಿ ನಡೆದ, ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಶೋ ಇನ್ನೊಂದು ಥರ. ಎರಡು ದಿನ ಮೊದಲು ಗುರುಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು. ಇಲ್ಲಾದರೂ ನಡೆಯುತ್ತದಾ ಅನ್ನುವ ಆತಂಕ. ಮೇಲೆ ಮಳೆ, ಕೆಳಗೆ ಕೆಸರು. ಹಿಂದೆ, ಸೌಂಡ್ ಎಂಜಿನಿಯರ್ ಕೂರುವ ಟೆಂಟಿನ ಹತ್ತಿರ ಜಾಗ ಸಿಕ್ಕಿತು. ಮೇಡನ್ ಶೋಗಿಂತ ಇದೇ ಚೆನ್ನಾಗಿತ್ತು ಅಂತ ನಾನು ಈಗಲೂ ವಾದ ಮಾಡುತ್ತೇನೆ. ಅದರಲ್ಲಿ ಅರ್ಧ ಪಾಲು ಆ ಜಾಗದ್ದು. ಅಂದಹಾಗೆ, ಅವತ್ತು ಡ್ರಮ್ಸ್ ಬಾರಿಸಿದ ಲಾರ್ಸ್ ಉಲ್ರಿಕ್‌ಗೇ ಕಿವಿ ಗುಂಯ್ಗುಡುವ ತೊಂದರೆ ಇದೆ. ಅವರೇ ಅದನ್ನು ಹೇಳಿಕೊಂಡಿದ್ದಾರೆ.

ಈಗ ನಾನು ಜಾಸ್ತಿ ಹೋಗುವುದು ಇಂದಿರಾನಗರ, ಕೋರಮಂಗಲದ ಪಬ್ ಶೋಗಳಿಗೆ. ತೊಂದರೆ ಜಾಸ್ತಿ ಇರುವುದೂ ಅಲ್ಲೇ. ಮೈದಾನದಲ್ಲಿ ಸದ್ದು ಆಕಾಶಕ್ಕೆ ಹೋಗುತ್ತದೆ. ಪಬ್ಬಿನಲ್ಲಿ ತಗ್ಗು ಚಾವಣಿ, ಗಾಜಿನ ಗೋಡೆ. ಹೋದ ಸದ್ದು ವಾಪಸ್ ಬಂದು ತಲೆಗೇ ಹೊಡೆಯುತ್ತದೆ. ಹೋದ ತಿಂಗಳು ಒಂದು ಕಡೆ ಫೋನಿನ ಆ್ಯಪ್ 105 ತೋರಿಸಿತು. ಫೋನನ್ನು ಪೂರಾ ನಂಬಬಾರದು, ಸರಿ. ಆದರೆ ನಮ್ಮ ಪ್ರೆಸ್ ಶಾಪ್ ಕೇಳಿ ಅಭ್ಯಾಸ ಇರುವ ಕಿವಿ ನನ್ನದು. ತಪ್ಪು ಅನ್ನಿಸಲಿಲ್ಲ.

ಫ್ಯಾಕ್ಟರಿಯ ಫೋಮ್ ಪ್ಲಗ್ಗನ್ನೇ ಹಾಕಿಕೊಂಡು ಹೋಗಬಹುದಲ್ವಾ? ಹೋಗಿ ನೋಡಿದ್ದೇನೆ. ಕಿವಿ ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ಫೋಮ್ ತೆಳು (ಎತ್ತರದ ಶ್ರುತಿಯ) ಸದ್ದುಗಳನ್ನು ಜಾಸ್ತಿ ತಡೆಯುತ್ತದೆ, ದಪ್ಪ ಸದ್ದುಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಡ್ರಮ್ಸಿನ ಸಿಂಬಲ್ ಮಾಯ, ಗಿಟಾರಿನ ಅಂಚು ಮಾಯ. ರಘು ದೀಕ್ಷಿತ್ ಷರೀಫರ ಪದ ಹಾಡಿದರೆ ಸ, ಶ, ತ ಎಲ್ಲ ಉದುರಿಹೋಗಿ ಬರೀ ಗುಂಗು ಉಳಿಯುತ್ತದೆ. ಪಕ್ಕದ ಮನೆಯಲ್ಲಿ ಶೋ ನಡೆದ ಹಾಗೆ.

ಫಿಲ್ಟರ್ ಪ್ಲಗ್ ಹಾಗಲ್ಲ. ನಡುವೆ ಸಣ್ಣ ಕೊಳವೆ, ಅದರೊಳಗೆ ಫಿಲ್ಟರ್. ತೆಳು, ದಪ್ಪ ಎರಡನ್ನೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ನನ್ನದರ ಡಬ್ಬಿ ಮೇಲೆ 20 ಡೆಸಿಬಲ್ ಅಂತ ಬರೆದಿದೆ. ಸರಿಯಾಗಿ ಕೂರದಿದ್ದರೆ ಅಷ್ಟು ಸಿಗುವುದಿಲ್ಲ. ಒಂದು ಮೆಟಲ್ ಶೋದಲ್ಲಿ ಅರ್ಧ ಹಾಡು ಹಾಕಿಕೊಂಡು, ಅರ್ಧ ತೆಗೆದು ಹೋಲಿಸಿದೆ. ತೆಗೆದಾಗ ಡಬಲ್ ಬೇಸ್ (ಎರಡೂ ಕಾಲಲ್ಲಿ ಒದ್ದು ಬಾರಿಸುವ ಡ್ರಮ್) ಒಂದೇ ಗುಡುಗು. ಹಾಕಿಕೊಂಡಾಗ ಒಂದೊಂದು ಒದೆತವೂ ಬೇರೆ ಬೇರೆ. ನಮ್ಮೂರಿನ ಕ್ರಿಪ್ಟೋಸ್ ಥರ ಎರಡು ಗಿಟಾರು ಜೊತೆಜೊತೆಯಾಗಿ ಓಡುವ ಬ್ಯಾಂಡಿಗೆ, ಥರ್ಮಲ್ ಅಂಡ್ ಎ ಕ್ವಾರ್ಟರ್ ಥರ ಸಣ್ಣ ಸಣ್ಣ ತಾಳದ ಕೆಲಸ ಇರುವ ಬ್ಯಾಂಡಿಗೆ ಇದು ಬೇಕೇ ಬೇಕು. ಎದೆಗೆ ಬಡಿಯುವ ಬೇಸ್ ಎಲ್ಲೂ ಹೋಗುವುದಿಲ್ಲ, ಅದು ಕಿವಿಯಿಂದ ಬರುವುದಲ್ಲವಲ್ಲ.

ದೋಷ ಇಲ್ಲ ಅಂತಿಲ್ಲ. ಜೊತೆಗೆ ಹಾಡಿದರೆ ನಿಮ್ಮ ದನಿ ನಿಮ್ಮ ತಲೆಯೊಳಗೇ ಮೊಳಗುತ್ತದೆ. ನನ್ನಂಥ ಬೇಸುರದವರಿಗೆ ಇದು ಶಿಕ್ಷೆ. ಬೇಸಿಗೆಯಲ್ಲಿ ಬೆವರಿಗೆ ಜಾರುತ್ತದೆ. ದೊಡ್ಡ ಓಲೆ ಹಾಕಿದ್ದರೆ ಕಿವಿ ಎಳೆದು ಕೂರಿಸುವುದು ಕಷ್ಟ. ಗೇಟಿನಲ್ಲಿ ಬೌನ್ಸರ್ ಆ ಪುಟ್ಟ ಲೋಹದ ಡಬ್ಬಿ ತೆಗೆಸಿ "ಮಾತ್ರೆನಾ ಮೇಡಂ?" ಅಂದ. ಒಂದು ಪ್ಲಗ್ ಕಿವಿಗೆ ಹಾಕಿ ತೋರಿಸಿದ ಮೇಲೆ ಬಿಟ್ಟ.

ಬೆಲೆ ಎರಡು ಸಾವಿರದ ಒಳಗೆ. ಫೋಮ್ ಜೊತೆ ಹೋಲಿಸಿದರೆ ಜಾಸ್ತಿಯೇ. ಆದರೆ ಸ್ಟೇಜ್ ಮುಂದಿನ ಫ್ಯಾನ್ ಪಿಟ್ಟಿಗೂ ಹಿಂದಿನ ಟಿಕೆಟ್ಟಿಗೂ ಇರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಫ್ಯಾನ್ ಪಿಟ್ ಬಿಟ್ಟು ಇದನ್ನು ತಗೊಳ್ಳಿ ಅನ್ನುವುದೇ ನನ್ನ ಸಲಹೆ. ಎರಡು ಸೈಜಿನ ತುದಿ ಕೊಡುವಂಥದ್ದನ್ನೇ ನೋಡಿ. ನನಗೆ ಚಿಕ್ಕದೇ ಸರಿಹೋಯಿತು. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಾಕಿಕೊಳ್ಳಿ. ಮನೆಗೆ ಬಂದು ಫಿಲ್ಟರ್ ಬಿಚ್ಚಿಟ್ಟು ಸಿಲಿಕೋನ್ ಮಾತ್ರ ಸೋಪು ನೀರಲ್ಲಿ ತೊಳೆಯಿರಿ. ಫಿಲ್ಟರ್ ಒಳಗೆ ಗುಗ್ಗೆ ಸೇರಿದರೆ ಒಂದು ಕಡೆ ಕಮ್ಮಿ ಕೇಳಲು ಶುರುವಾಗುತ್ತದೆ. ಗಣೇಶನ ಮೆರವಣಿಗೆಯ ಡಿಜೆಗೂ ಇದೇ ಸಾಕು.