ಕಸದ ಗಾಡಿಗೆ ಹಾಕಿಸಿದ ಅಡ್ಡತಗಡು: ಏಳು ವರ್ಷಗಳ ಬಳಕೆಯ ಅನುಭವ

ಮೈಸೂರಿನ ಹೊರವಲಯದ ಬಡಾವಣೆಯೊಂದಕ್ಕೆ ನಾವು ಬಂದು ಏಳು ವರ್ಷಗಳಾದವು. ಅಂದಿನಿಂದಲೂ ಮನೆಬಾಗಿಲಿಗೆ ಬರುವ ಕಸ ಸಂಗ್ರಹಣೆಯ ಸೇವೆಯನ್ನು ಶುಲ್ಕ ಕಟ್ಟಿ ಬಳಸುತ್ತಿದ್ದೇವೆ. ಮೊದಲ ಮೂರು ವರ್ಷ ಈ ಸೇವೆಯಿಂದ ನನಗೆ ಬೇಸರವೇ ಆಗಿತ್ತು. ಈಗ ಬಹುಮಟ್ಟಿಗೆ ತೃಪ್ತಿಯಿದೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು ವಿಧಿಸಿದವು. ನಾವು ಮೊದಲ ದಿನದಿಂದ ಹಾಗೆಯೇ ಮಾಡಿದೆವು. ತರಕಾರಿ ಸಿಪ್ಪೆ, ಕಾಫಿ ಚರಟ, ದೇವರ ಹೂವು ಹಸಿರು ಬಕೆಟ್ಟಿಗೆ. ತೊಳೆದು ಒಣಗಿಸಿದ ಹಾಲಿನ ಕವರು, ರಟ್ಟು, ಬಾಟಲಿ ನೀಲಿ ಬಕೆಟ್ಟಿಗೆ. ಆದರೆ ಬರುತ್ತಿದ್ದ ಗಾಡಿಯಲ್ಲಿ ಇದ್ದದ್ದು ಒಂದೇ ತೊಟ್ಟಿ. ಎರಡೂ ಬಕೆಟ್ಟುಗಳನ್ನು ನನ್ನ ಕಣ್ಣೆದುರೇ ಅದರೊಳಗೆ ಸುರಿದಾಗ ಕಾರಣ ಕೇಳಿದೆ. “ನೀವು ಬೇರೆ ಮಾಡಿ ಕೊಟ್ರೂ ಗಾಡೀಲಿ ಇರೋದು ಒಂದೇ ಜಾಗ ಅಮ್ಮ, ನಾವು ಎಲ್ಲಿಗೆ ಹಾಕೋದು?” ಎಂದರು ಆ ಪೌರಕಾರ್ಮಿಕರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕ್ರಮೇಣ ಬೀದಿಯ ಅರ್ಧಕ್ಕೂ ಹೆಚ್ಚು ಮನೆಯವರು ಬೇರ್ಪಡಿಸುವುದನ್ನೇ ಬಿಟ್ಟರು, ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ.

ಸಾರಿನ ರಸ ಕುಡಿದ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ. ಗಾಜಿನ ಚೂರು, ಪ್ಲಾಸ್ಟಿಕ್ ತುಣುಕು ಸೇರಿದ ಗೊಬ್ಬರವನ್ನು ಯಾವ ರೈತನೂ ಗದ್ದೆಗೆ ಹಾಕುವುದಿಲ್ಲ. ಒಮ್ಮೆ ಬೆರೆತ ಕಸ ಎರಡು ಕಡೆಗೂ ಸಲ್ಲದೆ ಗುಡ್ಡವಾಗಿ ಬೆಳೆಯುತ್ತದೆ. ಇಲ್ಲೇ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಒಣ ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುತ್ತಾರೆ, ಹಸಿ ಕಸದಿಂದ ಗೊಬ್ಬರ ಮಾಡುತ್ತಾರೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದ ಮೈಸೂರಿನ ಅಂಚಿನಲ್ಲಿದ್ದೂ ನಮ್ಮ ಬೀದಿಯ ಕಸ ಹೀಗೆ ಹಾಳಾಗುತ್ತಿದ್ದುದು ನನ್ನನ್ನು ಬಹಳ ನೋಯಿಸಿತ್ತು.

ಬಡಾವಣೆಯವರು ಸೇರಿ ಹಲವು ಬಾರಿ ಮನವಿ ಕೊಟ್ಟ ಮೇಲೆ ನಡುವೆ ಅಡ್ಡತಗಡು ಹಾಕಿದ ಗಾಡಿ ಬಂತು. ಸ್ವಸಹಾಯ ಸಂಘದ ಮಹಿಳೆಯೊಬ್ಬರು ಅದನ್ನು ಓಡಿಸುತ್ತಾರೆ. ಹಸಿ ಕಸ ನಿತ್ಯ, ಒಣ ಕಸ ಬುಧವಾರ ಮತ್ತು ಶನಿವಾರ. ಬೆಳಗ್ಗೆ ಏಳೂವರೆಯೊಳಗೆ ಹಾಡು ಕೇಳಿಸುತ್ತದೆ. ಬೆರೆಸಿದ ಬಕೆಟ್ಟನ್ನು ಆಕೆ ಸಮಾಧಾನದಿಂದಲೇ ಹಿಂದಿರುಗಿಸಿ, “ನಾಳೆ ಬೇರೆ ಮಾಡಿ ಕೊಡಿ ಅಕ್ಕ” ಎನ್ನುತ್ತಾರೆ. ನಾಲ್ಕೈದು ತಿಂಗಳಲ್ಲಿ, ಬಿಟ್ಟಿದ್ದ ಮನೆಗಳವರೆಲ್ಲ ಮತ್ತೆ ಎರಡು ಬಕೆಟ್ಟು ಇಟ್ಟರು. ಯಾವ ಕರಪತ್ರದಿಂದಲೂ ಆಗದಿದ್ದ ಕೆಲಸವಿದು.

ಕೊರತೆಗಳೂ ಉಳಿದಿವೆ. ಆಯುಧಪೂಜೆಯ ಮರುದಿನ ಬಾಳೆಕಂಬ, ಬೂದುಗುಂಬಳದ ಹೋಳುಗಳಿಂದ ಗಾಡಿ ಎರಡನೆಯ ತಿರುವಿನಲ್ಲೇ ತುಂಬಿಹೋಗುತ್ತದೆ, ಹಬ್ಬಕ್ಕೆಂದು ಇನ್ನೊಂದು ಸುತ್ತು ಇಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಡೈಪರ್ ಮತ್ತು ಸ್ಯಾನಿಟರಿ ಪ್ಯಾಡ್‌ಗಳ ವಿಚಾರ. ಅವನ್ನು ಸುತ್ತಿ ಒಣ ಕಸದ ಡಬ್ಬಿಗೆ ಹಾಕಲು 2016ರ ನಿಯಮಗಳು ಅವಕಾಶ ಕೊಟ್ಟವು. ಆದರೆ ಒಣ ಕಸವನ್ನು ಕೊನೆಗೆ ಕೈಯಿಂದ ವಿಂಗಡಿಸುವವರು ಮನುಷ್ಯರೇ. ನಾವು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೈಗೆ ಕೊಡುತ್ತೇವೆ, ಒಡೆದ ಗಾಜನ್ನು ಬಾಯಿಂದ ಹೇಳಿಯೇ ಕೊಡುತ್ತೇವೆ. ಆದರೂ ಗಾಡಿಯ ಬದಿಯಲ್ಲಿ ಅದಕ್ಕೊಂದು ಮುಚ್ಚಳವಿರುವ ಡಬ್ಬಿ, ಕೆಲಸಗಾರರಿಗೆ ಹರಿಯದ ಕೈಗವಸು ಇರಲೇಬೇಕು.

ಪಾದರಸವಿರುವ ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿ, ಹಳೆಯ ಬ್ಯಾಟರಿಗಳನ್ನು ಒಯ್ಯುವವರು ಇಂದಿಗೂ ಇಲ್ಲ. ಎರಡು ವರ್ಷಗಳಿಂದ ಅವು ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಅಟ್ಟದ ಮೇಲಿವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ. ತಿಂಗಳಿಗೊಮ್ಮೆಯಾದರೂ ಆ ಪೆಟ್ಟಿಗೆಯನ್ನು ಕೆಳಗಿಳಿಸಿ ಕೊಡುವಂತಾದರೆ ಐದನೆಯದನ್ನೂ ಸೇರಿಸುತ್ತೇನೆ.