‘ಹಳೇ ಎಕ್ಸಿಬಿಟರ್‌ಗೆ ಸ್ಪೆಷಲ್ ರೇಟ್’ ಅಂತ ಫೋನ್ ಬಂದರೆ ಹುಷಾರು

ಮಷೀನ್ ಟೂಲ್, ಫಿಕ್ಸ್ಚರ್ (ಮಷೀನಿನಲ್ಲಿ ಪಾರ್ಟ್ ಅಲುಗದಂತೆ ಹಿಡಿಯುವ ಸಾಧನ) ಲೈನಿನಲ್ಲಿ ಇರುವವರು ದಯವಿಟ್ಟು ಪೂರ್ತಿ ಓದಿ. ಒಂದು ಟ್ರೇಡ್ ಷೋದವರು, ಹಿಂದೆ ಸ್ಟಾಲ್ ಹಾಕಿ ಆಮೇಲೆ ಬಿಟ್ಟುಹೋದ ಹಳೇ ಎಕ್ಸಿಬಿಟರ್‌ಗಳಿಗೆಲ್ಲ ಸಾಲಾಗಿ ಫೋನ್ ಮಾಡುತ್ತಿದ್ದಾರೆ. ನಮಗೂ ಮಾಡಿದರು. ಹೋದೆವು. ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು.

ಪೀಣ್ಯದಲ್ಲಿ ನಮ್ಮದು ಸಣ್ಣ ಫಿಕ್ಸ್ಚರ್ ಶಾಪ್. ಹಿಂದೆ ಇದೇ ಷೋನಲ್ಲಿ ಸ್ಟಾಲ್ ಹಾಕಿದ್ದೆವು. ಕಾಲೇಜು ಹುಡುಗರು ಬಂದು ಕ್ಯಾಟಲಾಗ್ ಎತ್ತಿಕೊಂಡು ಹೋದರು, ಅಷ್ಟೇ. ಸಾಕು ಅಂತ ಬಿಟ್ಟೆವು. ಬೆಂಗಳೂರಿನ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ದೊಡ್ಡ ಮಷೀನ್ ಟೂಲ್ ಮೇಳ ಇಮ್‌ಟೆಕ್ಸ್‌ನಂಥ ಷೋಗೆ ಯಾರೂ ಹೀಗೆ ಗೋಗರೆದು ಕರೆಯುವುದಿಲ್ಲ ಬಿಡಿ. ಇವರ ಸೇಲ್ಸ್ ಹುಡುಗ ಮಾತ್ರ ಬಿಡಲೇ ಇಲ್ಲ. "ಸರ್, ಈಗ ಟೀಮೇ ಬೇರೆ. ಹಳಬರಿಗೆ ಕಾರ್ನರ್ ಸ್ಟಾಲ್, ಸ್ಪೆಷಲ್ ರೇಟ್. ಬೈಯರ್ ಮೀಟಿಂಗ್ ಮೊದಲೇ ಫಿಕ್ಸ್ ಮಾಡಿಕೊಡ್ತೀವಿ." ಜೊತೆಗೆ ಯಾರ ಸ್ಟಾಲ್ ಎಲ್ಲಿ ಅಂತ ತೋರಿಸುವ ಒಂದು ಲೇಔಟ್ ಕಳಿಸಿದ. ನಮ್ಮ ಎದುರಿನ ಸ್ಟಾಲಿನಲ್ಲಿ ರಾಜಾಜಿನಗರದ ಪರಿಚಯದವರೊಬ್ಬರ ಕಂಪನಿ ಹೆಸರು. ಅವರು ಸುಮ್ನೆ ದುಡ್ಡು ಸುರಿಯುವವರಲ್ಲ. ಅದನ್ನು ನೋಡಿಯೇ ಅಡ್ವಾನ್ಸ್ ಹಾಕಿದೆ.

ಹೋಗಿ ನೋಡಿದರೆ ಕಾರ್ನರ್ ಇಲ್ಲ. ಹಾಲಿನ ಹಿಂಭಾಗ, ಟಾಯ್ಲೆಟ್ ದಾರಿ. ಪಕ್ಕದ ಖಾಲಿ ಸ್ಟಾಲ್‌ಗಳಿಗೆ ಪರದೆ ಎಳೆದಿದ್ದರು. ಬೈಯರ್ ಮೀಟಿಂಗ್ ಅಂತ ಕೂರಿಸಿದ್ದು ಯಾರನ್ನು ಗೊತ್ತಾ? ಇನ್ಶೂರೆನ್ಸ್ ಏಜೆಂಟರನ್ನು, ಇಆರ್‌ಪಿ ಸಾಫ್ಟ್‌ವೇರ್ ಮಾರುವವರನ್ನು! ತ್ರೀ ಫೇಸ್ ಕರೆಂಟಿಗೆ ಬೇರೆ ಬಿಲ್, ಮೇಲೆ 18% ಜಿಎಸ್‌ಟಿ. ಅದಿರಲಿ, ಅದು ಎಲ್ಲ ಕಡೆಯೂ ಇದ್ದದ್ದೇ.

ಹೊಟ್ಟೆ ಉರಿದದ್ದು ಆಮೇಲೆ. ರಾಜಾಜಿನಗರದವರು ಟೀ ಹಿಡಿದುಕೊಂಡು ಬಂದರು. "ನೀವು ವಾಪಸ್ ಬರ್ತಿದ್ದೀರಿ ಅಂದ್ರು ಕಣ್ರೀ, ಅದಕ್ಕೇ ಬುಕ್ ಮಾಡಿದೆ" ಅಂದರು. ನಾನು ಅವರ ಹೆಸರು ನೋಡಿ ಬಂದಿದ್ದೇನೆ, ಅವರು ನನ್ನ ಹೆಸರು ನೋಡಿ! ಇಬ್ಬರೂ ವಾಟ್ಸಾಪ್ ತೆಗೆದು ತಾರೀಖು ನೋಡಿದೆವು. ಅವರ ಹೆಸರಿರುವ ಲೇಔಟ್ ನನಗೆ ಬಂದಾಗ ಅವರು ಒಂದು ರೂಪಾಯಿ ಕಟ್ಟಿರಲಿಲ್ಲ. ನನ್ನ ಹೆಸರಿರುವುದು ಅವರಿಗೆ ಹೋದಾಗ ನಾನೂ ಕಟ್ಟಿರಲಿಲ್ಲ. ಮೊದಲ ಸಲ ಬಂದ ಅವರಿಗೆ ರೇಟೂ ನನಗಿಂತ ಕಡಿಮೆ.

ಆ ಹುಡುಗನನ್ನು ಹಿಡಿದು ಕೇಳಿದೆ. "ಸರ್, ಕೆಳಗೆ ಟೆಂಟೇಟಿವ್ ಅಂತ ಹಾಕಿದ್ದೀವಲ್ಲ" ಅಂದ. ಅಂದರೆ ಇನ್ನೂ ಪಕ್ಕಾ ಅಲ್ಲ ಅಂತ. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಹಾಕಿದ್ದರು, ನಿಜ. ರೇಟ್ ಬಗ್ಗೆ ಕೇಳಿದರೆ, "ಅವರದು ವೆಲ್ಕಮ್ ಆಫರ್, ನಿಮ್ಮದು ಲಾಯಲ್ಟಿ ಆಫರ್." ಸುಳ್ಳು ಹೇಳಿ ಕರೆಸಿದ್ದೀರಲ್ಲಪ್ಪ ಅಂದರೆ, ನಗುತ್ತಾ, "ಕೊನೆಗೆ ಇಬ್ಬರೂ ಬಂದ್ರಿ ಅಲ್ವಾ ಸರ್?"

ಇಬ್ಬರೂ ಬಂದ್ರಿ ಅಲ್ವಾ ಅಂತೆ!

ಕೊನೇ ದಿನ ಅದೇ ಮುಖ ಹೊತ್ತು ಮುಂದಿನ ವರ್ಷದ ಬುಕಿಂಗ್ ಫಾರಂ ತಂದ. ದುಡ್ಡು ವಾಪಸ್ ಕೇಳಿ ಮೇಲ್ ಹಾಕಿದರೆ ಬಂದ ಉತ್ತರ: "ನಿಮ್ಮ ಅನಿಸಿಕೆಗೆ ಧನ್ಯವಾದ."

ಲೇಔಟಿನಲ್ಲಿರುವ ಕಂಪನಿಗಳಿಗೆ ನೀವೇ ಫೋನ್ ಮಾಡಿ ಕೇಳಿ. ಹಾಲ್, ಸ್ಟಾಲ್ ನಂಬರ್ ಇನ್‌ವಾಯ್ಸಿನಲ್ಲೇ ಬರೆಸಿ. ಬಂದವರ ಲೆಕ್ಕ ಆಡಿಟ್ ಆಗಿದೆಯಾ ಕೇಳಿ. ಯುಎಫ್‌ಐ ಅನ್ನುವ ಜಾಗತಿಕ ಮೇಳ ಸಂಘದ ಮಾನ್ಯತೆ ಇರುವ ಮೇಳಗಳಲ್ಲಿ ಅದು ಕಡ್ಡಾಯ. ಸಣ್ಣ ಉದ್ದಿಮೆಗೆ ಎಂಎಸ್‌ಎಂಇ ಸಚಿವಾಲಯದ ಪಿಎಂಎಸ್ ಅನ್ನುವ ಮಾರ್ಕೆಟಿಂಗ್ ನೆರವಿನ ಯೋಜನೆಯಲ್ಲಿ ಸ್ಟಾಲ್ ಬಾಡಿಗೆ ವಾಪಸ್ ಬರುತ್ತೆ ಅಂತಲೂ ಆಸೆ ತೋರಿಸುತ್ತಾರೆ. ಯೋಜನೆ ಇರುವುದು ನಿಜ. ಆದರೆ ಅನುಮೋದನೆ ಪಡೆದ ಮೇಳಕ್ಕೆ ಮಾತ್ರ. ಇವರದಕ್ಕೆ ಇರಲಿಲ್ಲ.

ಇವರ ಮುಂದಿನ ಲೇಔಟಿನಲ್ಲಿ ಪೀಣ್ಯದ ಫಿಕ್ಸ್ಚರ್ ಕಂಪನಿ ಯಾವುದಾದರೂ ಕಂಡರೆ ನಮಗೊಂದು ಫೋನ್ ಮಾಡಿ. ನಾವಂತೂ ಬುಕ್ ಮಾಡಿಲ್ಲ.