ಸ್ಪೀಡ್ ಟೆಸ್ಟ್ ತೋರಿಸಿ ಸರ್ವರ್ ಮಾರುವವರ ಬಗ್ಗೆ ಎಚ್ಚರ: ಕಲಬುರಗಿ ಗಂಜ್‌ನಲ್ಲಿ ಆಗಿದ್ದು

ಬಿಲ್ಲಿಂಗ್‌ಗೆ ಸರ್ವರ್ ತಗೊಳ್ಳುವ ಅಂಗಡಿಯವರು, ದಾಲ್ ಮಿಲ್‌ನವರು, ಅದನ್ನು ನೋಡಿಕೊಳ್ಳುವ ನನ್ನಂಥವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಿಸ್ಕಿಗೆ ಸೆಕೆಂಡಿಗೆ ಇಷ್ಟು ಸಾವಿರ ಸಲ ಬರೆಯುತ್ತೆ ಅಂತ ಯಾರಾದರೂ ಸ್ಕ್ರೀನ್ ತೋರಿಸಿದರೆ, ಯಾವ ಡಿಸ್ಕಿನ ಮೇಲೆ ಅಳೆದಿರಿ ಅಂತ ಮೊದಲು ಕೇಳಿ.

ಗಂಜ್‌ನ (ಧಾನ್ಯ ಮಾರುಕಟ್ಟೆಯ) ಒಂದು ಅಡತಿ ಅಂಗಡಿಗೆ ತೊಗರಿ ಸೀಸನ್‌ಗೆ ಮುಂಚೆ ಹೊಸ ಸರ್ವರ್ ಬಂತು. ಬಿಲ್ ಲೆಕ್ಕ ಇಡುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಹಾಕಿಕೊಟ್ಟವರು, ಡಿಸ್ಕಿಗೆ ಬರೆಯುವ ವೇಗ ಅಳೆಯುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಎಂಬ ಟೂಲ್ ಓಡಿಸಿ ಸಾವಿರಗಟ್ಟಲೆ ಅಂಕಿ ತೋರಿಸಿದರು. ಆ ಟೂಲ್‌ಗೆ ಜಾಗ ಹೇಳದಿದ್ದರೆ, ಯಾವ ಫೋಲ್ಡರ್‌ನಲ್ಲಿ ಓಡಿಸುತ್ತೀವೋ ಅಲ್ಲೇ ಬರೆದು ಅಳೆಯುತ್ತದೆ. ಅವರು ಓಡಿಸಿದ್ದು ಆಪರೇಟಿಂಗ್ ಸಿಸ್ಟಮ್ ಇದ್ದ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್). ಡೇಟಾಬೇಸ್ ಇದ್ದಿದ್ದು ಬೇರೆಯೇ ಒಂದು ಸಾದಾ ಹಾರ್ಡ್ ಡಿಸ್ಕ್‌ನಲ್ಲಿ.

ಆ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಒಂದಾದ ಮೇಲೊಂದು ಕಮಿಟ್ (ಬಿಲ್ ಪಕ್ಕಾ ಸೇವ್) ಮಾಡುತ್ತಾ ಹೋದರೆ, ಪ್ರತಿ ಸಲ ಬರೆಯುವ ಜಾಗ ತಿರುಗಿ ಬರುವ ತನಕ ಕಾಯಬೇಕು. ಹಾಗಾಗಿ 120ರ ಆಸುಪಾಸಿಗಿಂತ ಜಾಸ್ತಿ ಬರಲ್ಲ. ಇಂಥ ಡಿಸ್ಕ್ ಸಾವಿರಗಟ್ಟಲೆ ತೋರಿಸಿದರೆ ಖುಷಿಪಡಬೇಡಿ, ಅದು ಬರೆಯದೇ ಬರೆದೆ ಅನ್ನುತ್ತಿದೆ. ಬ್ಯಾಟರಿ ಇರುವ ರೇಡ್ ಕಾರ್ಡ್ (ಡಿಸ್ಕ್‌ಗಳನ್ನು ನಡೆಸುವ ಕಾರ್ಡ್) ನಡುವೆ ಇದ್ದರೆ ಮಾತು ಬೇರೆ.

ಸೀಸನ್ ಶುರುವಾಗಿ ತೂಕದ ಚೀಟಿಗಳು ಒಟ್ಟಿಗೆ ಬರತೊಡಗಿದಾಗ ಬಿಲ್ಲಿಂಗ್ ನಿಧಾನವಾಯಿತು. ಅಂಗಡಿಯವರು ಫೋನ್ ಮಾಡಿದರು. ಸರ್ವರ್ ಹಾಕಿಕೊಟ್ಟವರು ದೂರದಿಂದಲೇ ಲಾಗಿನ್ ಆಗಿ 'ಟ್ಯೂನ್ ಮಾಡಿದೀವಿ' ಅಂದರು. ನಿಜಕ್ಕೂ ಜೋರಾಗಿ ಓಡಿತು. ಮಾಡಿದ್ದಿಷ್ಟೇ: ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಆಫ್. ಡಿಸ್ಕಿಗೆ ಇಳಿಸಿದ ಮೇಲಷ್ಟೇ 'ಸೇವ್ ಆಯ್ತು' ಅನ್ನು ಎಂಬ ಕಟ್ಟುನಿಟ್ಟನ್ನೇ ತೆಗೆದುಹಾಕಿದ್ದರು. ಅಂಗಡಿಯವರಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಬೇಸಿಗೆಯಲ್ಲಿ ಒಂದು ಸಂಜೆ ಗಾಳಿ ಎದ್ದು ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಬೆಳಿಗ್ಗೆ ಮುನೀಮರ ಫೋನ್: "ಸರ್, ಕಂಪ್ಯೂಟರ್ ಏನೂ ತೋರಸವಲ್ದು, ಸ್ವಲ್ಪ ಬರ್ರಿ." ಹೋಗಿ ಲಾಗ್ ತೆಗೆದರೆ ಕೊನೆಯಲ್ಲಿ ಈ ಸಾಲು: 'ಪ್ಯಾನಿಕ್: ಕುಡ್ ನಾಟ್ ಲೊಕೇಟ್ ಎ ವ್ಯಾಲಿಡ್ ಚೆಕ್‌ಪಾಯಿಂಟ್ ರೆಕಾರ್ಡ್'. ಅಂದರೆ ಎಲ್ಲಿಂದ ಮತ್ತೆ ಶುರು ಮಾಡಬೇಕು ಎಂಬ ಗುರುತೇ ಸಿಗುತ್ತಿಲ್ಲ. ಡೇಟಾಬೇಸ್ ಏಳಲೇ ಇಲ್ಲ. ಬ್ಯಾಕಪ್ ಇತ್ತು, ಆದರೆ ಹಳೇದು. ಆಮೇಲಿನದೆಲ್ಲ ಕಾಗದದಿಂದ ಕಟ್ಟಬೇಕಾಯಿತು. ಮುನೀಮರು ತೊಗರಿ ಧೂಳು ಹತ್ತಿದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ರೈತರ ಹೆಸರು, ಚೀಲ, ತೂಕ ಓದುತ್ತಿದ್ದರು; ಹುಡುಗ ಟೈಪ್ ಮಾಡುತ್ತಿದ್ದ. ಕೆಲವು ಚೀಟಿ ಸಿಗಲೇ ಇಲ್ಲ. ರೈತರು ದುಡ್ಡು ಕೇಳಲು ಬಂದಾಗ ತೋರಿಸಲು ಲೆಕ್ಕ ಇಲ್ಲ ಅಂದರೆ ಎಂಥ ಪರಿಸ್ಥಿತಿ, ಯೋಚಿಸಿ.

ಬಿಲ್ಲಿಂಗ್ ನಿಧಾನ ಸರಿಪಡಿಸಲು ಬೇರೆ ದಾರಿ ಇತ್ತು. ಪ್ರತಿ ಕಮಿಟ್ ಡಿಸ್ಕಿಗೆ ಇಳಿಯುವ ತನಕ ಕಾಯಿಸುವ ಸಿಂಕ್ರೊನಸ್_ಕಮಿಟ್ ಎಂಬ ಸೆಟ್ಟಿಂಗ್ ಆಫ್ ಮಾಡಿದ್ದರೆ ಕರೆಂಟ್ ಹೋದಾಗ ಕೊನೆಯ ಒಂದು ಸೆಕೆಂಡಿನೊಳಗಿನ ಬಿಲ್ ಹೋಗಬಹುದಿತ್ತು, ಆದರೆ ಡೇಟಾಬೇಸ್ ಕೆಡುತ್ತಿರಲಿಲ್ಲ. ಹಣದ ಲೆಕ್ಕಕ್ಕೆ ಅದೂ ಬೇಡ ಅಂದರೆ, ಕರೆಂಟ್ ಹೋದರೂ ತನ್ನ ತಾತ್ಕಾಲಿಕ ಮೆಮೊರಿಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಕೆಪಾಸಿಟರ್ ಇರುವ ಸರ್ವರ್ ಎಸ್‌ಎಸ್‌ಡಿ ಹಾಕಿಸಿ. ಡೆಸ್ಕ್‌ಟಾಪ್ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ.

ಅಳೆಯುವಾಗ ಪಿಜಿ_ವಾಲ್ (ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ಫೋಲ್ಡರ್) ಇರುವ ಡಿಸ್ಕಿನಲ್ಲೇ ಟೆಸ್ಟ್ ಫೈಲ್ ಇರಲಿ, ಅದಕ್ಕೆ ಆ ಟೂಲ್‌ನಲ್ಲಿ ಮೈನಸ್ ಎಫ್ ಆಯ್ಕೆ ಇದೆ. ಎಫ್‌ಡೇಟಾಸಿಂಕ್, ಓಪನ್_ಡೇಟಾಸಿಂಕ್ ಹೀಗೆ ಡಿಸ್ಕಿಗೆ ಇಳಿಸುವ ಎಲ್ಲ ವಿಧಾನಗಳ ಅಂಕಿ ಬರುತ್ತದೆ. ಲಿನಕ್ಸ್‌ನಲ್ಲಿ ಎಫ್‌ಡೇಟಾಸಿಂಕ್ ಮೊದಲೇ ಇರುವುದು. ದೊಡ್ಡ ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಮುಟ್ಟಬೇಡಿ.

ಇವತ್ತೇ ಪೋಸ್ಟ್‌ಗ್ರೆಸ್‌ನಲ್ಲಿ 'ಶೋ ಎಫ್‌ಸಿಂಕ್' ಕೊಟ್ಟು ನೋಡಿ. ಆಫ್ ಅಂತ ಬಂದರೆ ಆನ್ ಮಾಡಿ ರೀಲೋಡ್ ಕೊಡಿ. ಅಷ್ಟಕ್ಕೇ ನಿಲ್ಲಬೇಡಿ. ಹಿಂದೆ ಬರೆದದ್ದು ಇನ್ನೂ ಮೆಮೊರಿಯಲ್ಲೇ ಇರಬಹುದು, ಅದಕ್ಕೆ ತಕ್ಷಣ ಲಿನಕ್ಸ್‌ನ 'ಸಿಂಕ್' ಕಮಾಂಡ್ ಓಡಿಸಿ, ನಂತರ ಹೊಸ ಬ್ಯಾಕಪ್ ತೆಗೆದು ಬೇರೆ ಮಶೀನ್‌ನಲ್ಲಿಡಿ.